ತಟ್ಟೆಯಲ್ಲಿ ಉಳಿದ ರಿಂಗು

ಬೆಳಗ್ಗೆ ಏಳೂವರೆಗೆ ಗೇರ್‌ಬಾಕ್ಸಿನ ಕೊನೆಯ ಬೋಲ್ಟನ್ನು ಬಿಗಿದು, ಸೊಂಟ ಹಿಡಿದುಕೊಂಡು ಎದ್ದು ನಿಂತ ನಿಧಾನಪ್ಪನ ಕಣ್ಣಿಗೆ ಬಿಡಿಭಾಗ ತೊಳೆಯುವ ಸೀಮೆಎಣ್ಣೆ ತಟ್ಟೆಯ ತಳದಲ್ಲಿ ಒಂದು ರಿಂಗು ಕಂಡಿತು. ಅಂಗೈ ಅಗಲದ, ತೆಳ್ಳಗಿನ ಉಕ್ಕಿನ ರಿಂಗು. ಒಂದು ಕಡೆ ಸಣ್ಣ ಸೀಳು. ತಟ್ಟೆ ಖಾಲಿಯಾಗಿರಬೇಕಿತ್ತು.

ನಿಧಾನಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಗಾಜಿನ ಬಾಟಲಿ ಕಾರ್ಖಾನೆಯ ಲೋಡನ್ನು ಲಾರಿಯಲ್ಲಿ ಸಾಗಿಸುತ್ತಿದ್ದವನು ಬೇರೆ ಹೇಗೆ ಓಡಿಸಿಯಾನು? ಸೈಕಲ್ಲಿನವರೂ ಅವನ ಲಾರಿಯನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು. ಬಾಟಲಿ ಅಲುಗಾಡಬಾರದೆಂದೇ ಅವನು ತಾನಾಗಿ ಗೇರ್ ಬದಲಾಗುವ ಆಟೊಮ್ಯಾಟಿಕ್ ಲಾರಿಯನ್ನು ಹುಡುಕಿ, ಹಳೆಯದನ್ನೇ ಕೊಂಡಿದ್ದ. ಲಾರಿ ಅವನನ್ನು ಚೆನ್ನಾಗಿಯೇ ನೋಡಿಕೊಂಡಿತು, ಮೂರು ವಾರದ ಹಿಂದಿನವರೆಗೆ. ಅವತ್ತು ಅದು ಮುಂದಕ್ಕೆ ಹೋಗುತ್ತೇನೆ, ಹಿಂದಕ್ಕೆ ಮಾತ್ರ ಹೋಗಲಾರೆ ಎಂದು ಹಟ ಹಿಡಿಯಿತು.

ಬಾಟಲಿ ಕಾರ್ಖಾನೆಯಲ್ಲಿ ಲಾರಿಯನ್ನು ಹಿಮ್ಮುಖವಾಗಿಯೇ ಲೋಡು ಹೇರುವ ಕಟ್ಟೆಗೆ ತಾಗಿಸಬೇಕು. ರಿವರ್ಸ್ ಬೀಳದ ಲಾರಿಯನ್ನು ಇಪ್ಪತ್ತು ಜನ ಹಮಾಲಿಗಳು ನೂಕಿ ಕಟ್ಟೆಗೆ ಮುಟ್ಟಿಸಿದರು. ಮ್ಯಾನೇಜರು ಕಿಟಕಿಯಿಂದ ನೋಡುತ್ತಿದ್ದರು. ಇಳಿದು ಬಂದು, "ನೋಡಪ್ಪ, ಮೂರು ವಾರ ಟೈಮ್ ಕೊಡ್ತೀನಿ. ಕೊನೇ ದಿನ ಸಂಜೆ ಆರು ಗಂಟೆಯೊಳಗೆ ಲಾರಿ ಹಿಂದಕ್ಕೆ ಹೋಗೋದನ್ನ ನನ್ನ ಕಣ್ಣೆದುರಿಗೆ ತೋರಿಸು. ಇಲ್ಲಾಂದ್ರೆ ನಿನ್ನ ಲೋಡು ಪೋಂಪೋಂಗೆ" ಎಂದಿದ್ದರು. ಪೋಂಪೋಂ ಎಂದರೆ ಇನ್ನೊಬ್ಬ ಲಾರಿಯವನು. ಮನೆಯ ಬಾಗಿಲಿಗೆ ಬಂದರೂ ಹಾರ್ನ್ ಹೊಡೆಯುವ ಮನುಷ್ಯ.

ಇವತ್ತೇ ಆ ಕೊನೆಯ ದಿನ.

ಮೂರು ಗ್ಯಾರೇಜಿನವರು ಲಾರಿಯ ಕೆಳಗೆ ಇಣುಕಿ, "ಆಟೊಮ್ಯಾಟಿಕ್ಕಾ? ನಮಗೆ ಬೇಡಪ್ಪ" ಎಂದು ಕೈ ತೊಳೆದುಕೊಂಡಿದ್ದರು. ಹಾಗಾಗಿ ನಿಧಾನಪ್ಪ ತಾನೇ ಗೇರ್‌ಬಾಕ್ಸ್ ಇಳಿಸಿ, ಮನೆಯ ಮುಂದಿನ ಶೆಡ್ಡಿನಲ್ಲಿ ಹಳೆಯ ಬೆಡ್‌ಶೀಟು ಹಾಸಿ, ಒಂದೊಂದೇ ಭಾಗ ಬಿಚ್ಚಿಟ್ಟ. ಸವೆದ ಕ್ಲಚ್ ಪ್ಲೇಟುಗಳನ್ನು ತೆಗೆದು ಹೊಸವನ್ನು ಬಟ್ಟೆ ಒಗೆಯುವ ಟಬ್ಬಿನಲ್ಲಿ ಕೆಂಪು ಆಯಿಲಿಗೆ ನೆನೆಹಾಕಿದ. ಕಡಲೆಕಾಳಿನಷ್ಟು ಚಿಕ್ಕ ಉಕ್ಕಿನ ಗುಂಡುಗಳನ್ನು ಹೆಂಡತಿಯ ಮಾತ್ರೆ ಡಬ್ಬಿಯಲ್ಲಿ ಜೋಪಾನ ಮಾಡಿದ. ಬಿಚ್ಚಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹೆಂಡತಿ ಮೂರು ವಾರ ಬಕೆಟ್ಟಿನಲ್ಲೇ ಬಟ್ಟೆ ಒಗೆದಳು.

ಈಗ ಅವನು ನೋಟ್‌ಬುಕ್ ತೆರೆದ. ಹದಿನಾಲ್ಕು ರಿಂಗು ಎಂದು ಅವನದೇ ಕೈಬರಹದಲ್ಲಿತ್ತು. ಹದಿನಾಲ್ಕನ್ನೂ ಮತ್ತೆ ಹಾಕಿದ್ದಕ್ಕೆ ಗುರುತಿತ್ತು. ಹಾಗಾದರೆ ಇದು ಯಾವುದು?

ಅಷ್ಟು ಹೊತ್ತಿಗೆ ಹಲ್ಲುಜ್ಜುತ್ತಾ ಬಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬೇಲಿಯ ಮೇಲಿಂದ ಕತ್ತು ಚಾಚಿದರು.

"ಏನದು ಕೈಯಲ್ಲಿ?"

"ಒಂದು ರಿಂಗ್ ಉಳೀತು ಮೇಷ್ಟ್ರೇ. ಆದ್ರೆ ಲೆಕ್ಕ ಸರಿಯಾಗೇ ಇದೆ."

"ಉಳಿದಿದೆ ಅಂದ್ಮೇಲೆ ಲೆಕ್ಕ ಹೇಗಯ್ಯಾ ಸರಿ ಇರತ್ತೆ? ತಾ ಇಲ್ಲಿ." ಮೇಷ್ಟ್ರು ನೋಟ್‌ಬುಕ್ ಇಸಿದುಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದು ಹದಿನಾಲ್ಕರ ಸುತ್ತ ಒಂದು ಸುತ್ತು ಹಾಕಿದರು. ಮೂವತ್ತು ವರ್ಷ ತಪ್ಪು ಹುಡುಕಿದ ಕೈ, ಸುಮ್ಮನಿರಲಾರದು. "ಬರ್ಕೊಳ್ಳೋವಾಗ ಒಂದು ಬಿಟ್ಟಿದ್ದೀಯ. ಹದಿನೈದು ಅಂತಿರಬೇಕು."

ನಿಧಾನಪ್ಪನಿಗೆ ತಾನು ಬಿಟ್ಟಿಲ್ಲ ಎಂದು ಗೊತ್ತಿತ್ತು. ಆದರೆ ಕೆಂಪು ಶಾಯಿ ಕಂಡ ಕೂಡಲೇ ಆ ಗೊತ್ತು ಎಲ್ಲಿ ಹೋಯಿತೋ! ಬಾಲ್ಯದಿಂದಲೂ ಅವನದು ಅದೇ ಕತೆ. ಯಾರಾದರೂ ಗಟ್ಟಿಯಾಗಿ ಹೇಳಿದರೆ ತನ್ನದೇ ತಪ್ಪಿರಬೇಕು ಎಂದುಕೊಳ್ಳುವ ಜೀವ.

"ಗಡಿಯಾರದ ಯಜಮಾನ್ರನ್ನ ಕರಿ. ಅವರಿಗೆ ಇಂಥದ್ದೆಲ್ಲ ನೀರು ಕುಡಿದಷ್ಟು ಸುಲಭ" ಎಂದರು ಮೇಷ್ಟ್ರು.

ಗಡಿಯಾರದ ಯಜಮಾನರು ಎದುರುಮನೆಯವರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಅಂಗಡಿ ಮುಚ್ಚಿ, ಈಗ ಬೀದಿಯವರ ಎಲ್ಲ ವಿಷಯವನ್ನೂ ರಿಪೇರಿ ಮಾಡಲು ಹೊರಟವರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ಬಂದರು. ರಿಂಗನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಮೀಟಿದರು, ಮೂಸಿಯೂ ನೋಡಿದರು.

"ಇದು ಮೂರನೇ ಕ್ಲಚ್ಚಿನ ರಿಂಗು. ಸಂಶಯವೇ ಬೇಡ."

"ಆದ್ರೆ ಯಜಮಾನ್ರೇ, ನಿನ್ನೆ ಒಂದೊಂದೂ ಕ್ಲಚ್ಚಿಗೆ ಗಾಳಿ ಬಿಟ್ಟು ನೋಡಿದೆ. ಎಲ್ಲಾನೂ ಠಪ್ ಅಂತ ಹಿಡೀತು, ರಿವರ್ಸೂ ಸೇರಿ."

"ಗಾಳೀಲಿ ಹಿಡಿದಿದ್ದು ರೋಡಲ್ಲಿ ಹಿಡಿಯತ್ತೇನಯ್ಯಾ? ಬಿಚ್ಚು."

ಬಿಚ್ಚಿದ. ಬೋಲ್ಟುಗಳು ಬಂದವು, ಪಂಪು ಬಂತು, ಡ್ರಮ್ಮು ಬಂತು. ಈ ನಡುವೆ ಹೆಂಡತಿಯ ತಮ್ಮನೂ ಬಂದ. ಅವನು ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಸಕಲವನ್ನೂ ಕಲಿತವನು. "ಭಾವ, ಆ ಸ್ಪ್ರಿಂಗನ್ನ ಹಾಗಲ್ಲ, ಹೀಗೆ ಒತ್ತಬೇಕು" ಎಂದು ಒತ್ತಿ ತೋರಿಸಿದ. ಸ್ಪ್ರಿಂಗು ಚಿಮ್ಮಿ, ಮೇಷ್ಟ್ರ ಕಿವಿಯ ಪಕ್ಕದಿಂದ ಹಾದು, ಬೇಲಿಯಾಚೆ ಹೂಕುಂಡದಲ್ಲಿ ಬಿತ್ತು. ಅದನ್ನು ಹುಡುಕಲು ಅರ್ಧ ಗಂಟೆ ಹೋಯಿತು. ಮೂರನೇ ಕ್ಲಚ್ಚಿನಲ್ಲಿ ಇರಬೇಕಾದ ರಿಂಗು ಇದ್ದೇ ಇತ್ತು, ಇನ್ನೊಂದಕ್ಕೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ.

"ಹಾಗಾದ್ರೆ ರಿವರ್ಸಿಂದು" ಎಂದರು ಯಜಮಾನರು, ಎಳ್ಳಷ್ಟೂ ಅಳುಕದೆ. "ರಿವರ್ಸೇ ಅಲ್ವಾ ಕೆಟ್ಟಿದ್ದು? ಈ ರಿಂಗು ಇಲ್ದೇನೇ ಕೆಟ್ಟಿದ್ದು."

ರಿವರ್ಸ್ ಕ್ಲಚ್ಚು ಎಲ್ಲಕ್ಕಿಂತ ಕೆಳಗೆ. ಅದನ್ನು ಮುಟ್ಟಬೇಕಾದರೆ ಇಡೀ ಹೊಟ್ಟೆಯನ್ನೇ ಖಾಲಿ ಮಾಡಬೇಕು. ಮೇಷ್ಟ್ರು ಗೇರ್‌ಬಾಕ್ಸ್ ರಿಪೇರಿಯ ಕಪ್ಪಾದ ಜೆರಾಕ್ಸ್ ಪುಸ್ತಕ ಹಿಡಿದು, "ನಲವತ್ತೇಳನೇ ಚಿತ್ರದಲ್ಲಿ ಏನೋ ದುಂಡಗೆ ಕಾಣ್ತಿದೆ, ರಿಂಗೇ ಇರಬೇಕು" ಎಂದರು. ಅದು ಯಾರೋ ಚಹಾ ಲೋಟ ಇಟ್ಟ ಗುರುತು ಎಂದು ತಿಳಿಯುವ ಹೊತ್ತಿಗೆ ಹನ್ನೆರಡೂವರೆ. ರಿವರ್ಸಿನಲ್ಲೂ ಜಾಗವಿರಲಿಲ್ಲ.

ನಿಧಾನಪ್ಪ ಡ್ರಮ್ಮಿನ ಪಕ್ಕದಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತ. ಬೆಡ್‌ಶೀಟಿನ ತುಂಬ ಮತ್ತೆ ಅವೇ ಪ್ಲೇಟು, ಅವೇ ರಿಂಗು, ಅವೇ ಗುಂಡು. ಮೂರು ವಾರ ಹಿಂದಕ್ಕೆ ಹೋದಂತಾಗಿತ್ತು. ಅವನಿಗೆ ಅಳು ಬಂತು. ಜನ ಇದ್ದಾರೆಂದು ನುಂಗಿಕೊಂಡ.

"ಯಜಮಾನ್ರೇ, ಇದನ್ನ ಹಾಕ್ದೇನೇ ಓಡಿಸಿದ್ರೆ?" ಎಂದು ಕೊನೆಗೆ ಕೇಳಿದ.

ಯಜಮಾನರು ಮಸೂರ ತೆಗೆದು ದೀರ್ಘವಾಗಿ ಉಸಿರು ಬಿಟ್ಟರು. "ಓಡತ್ತೆ. ಇಳಿಜಾರಿನವರೆಗೆ ಓಡತ್ತೆ. ಅಲ್ಲಿ ಒಳಗಿಂದೆಲ್ಲ ಕಳಚಿಕೊಳ್ಳತ್ತೆ. ಹಿಂದೆ ಅಷ್ಟು ಗಾಜು, ಮುಂದೆ ನೀನು. ಆಮೇಲೆ ದೇವರೇ ಗತಿ."

ಹಿಂದೆ ಗಾಜು, ಮುಂದೆ ನೀನು ಎಂಬ ಮಾತು ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ಹೆಂಡತಿಯ ಕಿವಿಗೂ ಬಿತ್ತು. ಗಂಡನನ್ನೂ ಅವನ ಕೈಯಲ್ಲಿದ್ದ ರಿಂಗನ್ನೂ ನೋಡಿದಳು. ಈ ಮನುಷ್ಯ ಸಂಜೆಯೊಳಗೆ ಹೇಗಾದರೂ ಮಾಡಿ ಲಾರಿ ಹತ್ತುತ್ತಾನೆ, ತಾನು ಬೇಡವೆಂದರೂ ಹತ್ತುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಒಂದು ಗಂಟೆಯ ಹೊತ್ತಿಗೆ ಎದುರುಮನೆಯ ಅಜ್ಜಿ, ಅಂದರೆ ಗಡಿಯಾರದ ಯಜಮಾನರ ಹೆಂಡತಿ, ಸೆರಗು ಸಿಕ್ಕಿಸಿಕೊಂಡು ರಸ್ತೆ ದಾಟಿ ಬಂದರು.

"ಏನ್ರೀ, ಊಟಕ್ಕೆ ಬರೋ ಯೋಚನೆ ಇದೆಯೋ ಇಲ್ವೋ? ಗೋಡೆ ಗಡಿಯಾರ ಬಿಚ್ಚಿಟ್ಟು ನಾಲ್ಕು ದಿನ ಆಯ್ತು. ಹೊತ್ತು ಎಷ್ಟಾಯ್ತು ಅಂತ್ಲೇ ಗೊತ್ತಾಗಲ್ಲ ಮನೇಲಿ. ಗಾಜು ಹಿಡಿಯೋ ರಿಂಗಿಗೆ ತುಕ್ಕು ಬಂದಿದೆ, ಎಲ್ಲೋ ನೆನೆಹಾಕಿದೀನಿ ಅಂದ್ರಲ್ಲ, ಎಲ್ಲಿ ಹಾಕಿದ್ರಿ?"



ಯಜಮಾನರು ಮೊದಲು ಹೆಂಡತಿಯನ್ನು ನೋಡಿದರು. ಆಮೇಲೆ ಸೀಮೆಎಣ್ಣೆ ತಟ್ಟೆಯನ್ನು. ಆಮೇಲೆ ನಿಧಾನಪ್ಪನ ಕೈಯನ್ನು. ನಿಧಾನವಾಗಿ ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು ರಿಂಗನ್ನು ಇನ್ನೊಮ್ಮೆ ಪರೀಕ್ಷಿಸಿದರು.

"ಹೌದು. ನಮ್ಮದೇ" ಎಂದರು. "ಮೊನ್ನೆ ಬಂದಾಗ ಇಲ್ಲಿ ಸೀಮೆಎಣ್ಣೆ ಹೇಗೂ ಇತ್ತಲ್ಲ, ವ್ಯರ್ಥ ಯಾಕೆ ಅಂತ ಇಲ್ಲೇ ಹಾಕಿದ್ದೆ. ಚೆನ್ನಾಗೇ ತುಕ್ಕು ಬಿಟ್ಟಿದೆ, ಅದಕ್ಕೇ ಗುರುತು ಸಿಗಲಿಲ್ಲ."

"ಮೂರನೇ ಕ್ಲಚ್ಚಿಂದು ಅಂದ್ರಿ!" ನಿಧಾನಪ್ಪನ ದನಿ ಎಂದೂ ಇಲ್ಲದಷ್ಟು ಏರಿತ್ತು. "ರಿವರ್ಸಿಂದು ಅಂದ್ರಿ! ದೇವರೇ ಗತಿ ಅಂದ್ರಿ!"

"ಗೇರ್‌ಬಾಕ್ಸಿಂದೇ ಆಗಿದ್ರೆ ಅಂತ ಹೇಳಿದ್ದಪ್ಪ ನಾನು" ಎಂದು ಯಜಮಾನರು ರಿಂಗನ್ನು ಪಂಚೆಯ ತುದಿಯಲ್ಲಿ ಒರೆಸಿ, ಹೆಂಡತಿಯ ಹಿಂದೆ ಊಟಕ್ಕೆ ಹೊರಟರು. ಮೇಷ್ಟ್ರು ಸದ್ದಿಲ್ಲದೆ ನೋಟ್‌ಬುಕ್ ತೆಗೆದುಕೊಂಡು, ಹದಿನಾಲ್ಕರ ಪಕ್ಕದಲ್ಲಿ ಕೆಂಪು ಶಾಯಿಯಲ್ಲೇ 'ಸರಿ' ಎಂದು ಬರೆದರು.

ಬೈಯಲೂ ಪುರುಸೊತ್ತಿರಲಿಲ್ಲ. ನಿಧಾನಪ್ಪ ಆ ಮಧ್ಯಾಹ್ನ ತನ್ನ ಹೆಸರಿಗೆ ಕಳಂಕ ಬರುವಂತೆ ಕೆಲಸ ಮಾಡಿದ. ಒಂದೂವರೆ ಗಂಟೆಯಲ್ಲಿ ಗೇರ್‌ಬಾಕ್ಸ್ ಮತ್ತೆ ಜೋಡಿಸಿದ. ಗಾಳಿ ಬಿಟ್ಟ; ಠಪ್. ಭಾಮೈದ, ಮೇಷ್ಟ್ರು, ಉಂಡು ಬಂದ ಯಜಮಾನರು ಎಲ್ಲರೂ ಸೇರಿ ಅದನ್ನು ಹಲಗೆಯ ಮೇಲೆ ಲಾರಿಯ ಕೆಳಗೆ ಜಾರಿಸಿ, ಜಾಕಿನ ಮೇಲೆ ಎತ್ತಿದರು. ಎತ್ತುವಾಗ ಮೂವರೂ ಮೂರು ದಿಕ್ಕಿಗೆ ಸಲಹೆ ಕೊಟ್ಟರು. ಈ ಸಲ ಅವನು ಯಾರ ಮಾತನ್ನೂ ಕೇಳಲಿಲ್ಲ, ತನ್ನ ನೋಟ್‌ಬುಕ್ಕನ್ನು ಮಾತ್ರ ನೋಡಿದ.

ಐದೂ ಕಾಲಿಗೆ ಎಂಜಿನ್ ಶುರುವಾಯಿತು. ನಿಧಾನಪ್ಪ ರಿವರ್ಸಿಗೆ ಹಾಕಿದ. ಲಾರಿ ಒಂದು ಕ್ಷಣ ಯೋಚಿಸಿದಂತೆ ಮಾಡಿ, ಮೆಲ್ಲಗೆ, ಬೆಣ್ಣೆಯಲ್ಲಿ ಚಾಕು ಇಳಿದಂತೆ, ಹಿಂದಕ್ಕೆ ಸರಿಯಿತು. ಶೆಡ್ಡಿನಿಂದ ಚಪ್ಪಾಳೆ ಕೇಳಿಸಿತು. ಈಗ ಅವನು ಅತ್ತ. ಯಾರು ನೋಡಿದರೂ ಪರವಾಗಿಲ್ಲ ಎಂದು ಅತ್ತ. ತಾನು ತಪ್ಪು ಮಾಡಿರಲಿಲ್ಲ. ಬೆಳಗ್ಗೆ ಏಳೂವರೆಗೇ ಎಲ್ಲ ಸರಿಯಾಗಿತ್ತು.

ಆ ಸದ್ದಿಗೆ ಹೆಂಡತಿ ಒಳಗಿನಿಂದ ಓಡಿಬಂದಳು. ಕೈಯಲ್ಲಿ ಫೋನಿತ್ತು.

"ರೀ, ಒಂದ್ನಿಮಿಷ ಇಳೀರಿ. ನಾನೊಂದು..."

"ಬಂದ್ಮೇಲೆ ಹೇಳೇ, ಆರಕ್ಕೆ ಗೇಟಲ್ಲಿರಬೇಕು!"

"ಅಲ್ಲಾರೀ, ಕೇಳೀಂದ್ರೆ..."

ಎಂಜಿನ್ ಸದ್ದಿನಲ್ಲಿ ಉಳಿದದ್ದು ಕೇಳಿಸಲಿಲ್ಲ. ಕನ್ನಡಿಯಲ್ಲಿ ಅವಳು ಫೋನು ಕಿವಿಗಿಟ್ಟುಕೊಂಡು ಬೀದಿಯ ನಡುವೆ ನಿಂತಿದ್ದು ಕಂಡಿತು. ಪಾಪ, ತವರಿಗೆ ಖುಷಿಯ ಸುದ್ದಿ ಹೇಳುತ್ತಿದ್ದಾಳೆ ಎಂದುಕೊಂಡ.

ಇಳಿಜಾರು ಬಂತು. ಏನೂ ಕಳಚಲಿಲ್ಲ. ಐದು ಐವತ್ತಕ್ಕೆ ಲಾರಿ ಕಾರ್ಖಾನೆಯ ಗೇಟಿನ ಬಾಯಿಗೆ ನಿಂತಿತು. ಗೇಟಿನ ಗುಮಾಸ್ತ ರಿಜಿಸ್ಟರ್ ಹಿಡಿದು ಹೊರಬಂದು, ಲಾರಿಯನ್ನೂ ನಿಧಾನಪ್ಪನನ್ನೂ ಬೆಪ್ಪಾಗಿ ನೋಡಿದ.

"ಇದೇನು ನೀವು ಬಂದ್ರಿ?"

"ಮ್ಯಾನೇಜರ್ ಸಾಹೇಬ್ರನ್ನ ಕರೀರಿ. ರಿವರ್ಸ್ ತೋರಿಸ್ಬೇಕು. ಇನ್ನೂ ಹತ್ತು ನಿಮಿಷ ಇದೆ."

"ಅವರು ಮೂರು ಗಂಟೆಗೇ ಹೊರಟುಹೋದ್ರಲ್ಲ." ಗುಮಾಸ್ತ ರಿಜಿಸ್ಟರಿನ ಪುಟದ ಮೇಲೆ ಬೆರಳಿಟ್ಟ. "ಮಧ್ಯಾಹ್ನ ಒಂದಕ್ಕೆ ಐದು ನಿಮಿಷ ಇರೋವಾಗ ನಿಮ್ಮ ಮನೆಯವರು ಫೋನ್ ಮಾಡಿದ್ರು. ಅವರ ಲಾರಿ ಆಗಲ್ಲ, ಕಾಯ್ಬೇಡಿ, ಲೋಡು ಬೇರೆಯವರಿಗೆ ಕೊಡಿ, ಅವರಾಗೇ ಬಂದು ಕೇಳಿದ್ರೂ ಗಾಜು ಹೇರಬೇಡಿ ಅಂತ ಅತ್ತುಬಿಟ್ರು ಪಾಪ. ಸಾಹೇಬ್ರು ಅಲ್ಲೇ ಪೋಂಪೋಂ ಹೆಸರಿಗೆ ವರ್ಷದ ಕರಾರು ಕಾಗದಕ್ಕೆ ಸೈನ್ ಹಾಕಿದ್ರು. ಈಗ ಅರ್ಧ ಗಂಟೆಯಿಂದ ಫೋನು ತುಂಬಾ ಸಲ ಬಡ್ಕೊಳ್ತಿತ್ತು. ನಾನು ಲೋಡಿಂಗಲ್ಲಿದ್ದೆ, ತಗೊಳ್ಳೋಕಾಗ್ಲಿಲ್ಲ."

ನಿಧಾನಪ್ಪ ಸ್ಟಿಯರಿಂಗ್ ಹಿಡಿದೇ ಕುಳಿತಿದ್ದ. ಹೆಂಡತಿಯ ಮೇಲೆ ಸಿಟ್ಟು ಬರಲಿ ಎಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ತನ್ನ ನೋಟ್‌ಬುಕ್ಕನ್ನು ತಾನೇ ನಂಬದವನು, ಅವಳು ನಂಬಲಿಲ್ಲ ಎಂದು ಹೇಗೆ ಹೇಳಿಯಾನು?

"ಬೇಜಾರಾಗ್ಬೇಡಿ" ಎಂದ ಗುಮಾಸ್ತ ಮೆಲ್ಲಗೆ. "ಅವರಿಗೆ ಕೂತು ಮಾಡೋ ಕೆಲಸ ಏನಾದ್ರೂ ಇದ್ರೆ ನೋಡಿ ಅಂತ ನಿಮ್ಮ ಮನೆಯವರೇ ಕೇಳಿದ್ರಂತೆ. ಸಾಹೇಬ್ರು ಗೇಟಿನ ಕಾವಲಿಗೆ ಹಾಕೋಣ ಅಂದಿದಾರೆ. ನಾಳೆ ಎಂಟಕ್ಕೆ ಬನ್ನಿ. ಸೀಟಿ, ಟೋಪಿ ಎಲ್ಲಾ ನಾವೇ ಕೊಡ್ತೀವಿ."

ಆಗ ಗೇಟಿನ ಒಳಗಡೆಯಿಂದ ಪೋಂ ಪೋಂ ಎಂದು ಹಾರ್ನ್ ಕೇಳಿಸಿತು. ತುಂಬಿದ ಲಾರಿಯೊಂದು ದೀಪ ಹಾಕಿಕೊಂಡು ಬರುತ್ತಿತ್ತು. ಕುಲುಕಾಟಕ್ಕೆ ಬಾಟಲಿಗಳು ಗಲಗಲ ಎನ್ನುತ್ತಿದ್ದವು. ಅದು ಹೊರಬರುವ ದಾರಿಗೆ ಸರಿಯಾಗಿ ಅಡ್ಡವಾಗಿ ನಿಂತಿದ್ದದ್ದು ನಿಧಾನಪ್ಪನ ಲಾರಿ.

"ಸ್ವಲ್ಪ ಹಿಂದಕ್ಕೆ ತಗೊಳ್ತೀರಾ?" ಎಂದ ಗುಮಾಸ್ತ. ಆಮೇಲೆ ಏನೋ ನೆನಪಾಗಿ, "ಓ, ನಿಮ್ಮದು ಹಿಂದಕ್ಕೆ ಹೋಗಲ್ಲ ಅಲ್ವಾ, ತಡೀರಿ, ನೂಕೋಕೆ ಹಮಾಲಿಗಳನ್ನ ಕರೀತೀನಿ" ಎಂದು ಒಳಗೆ ತಿರುಗಿದ.

"ಬೇಡ" ಎಂದ ನಿಧಾನಪ್ಪ.

ರಿವರ್ಸಿಗೆ ಹಾಕಿದ. ಒಂದು ಜರ್ಕಿಲ್ಲ, ಒಂದು ಸದ್ದಿಲ್ಲ. ಲಾರಿ ಹೂವೆತ್ತಿದಂತೆ ಹಿಂದಕ್ಕೆ ಸರಿದು, ಪೋಂಪೋಂಗೆ ದಾರಿ ಬಿಟ್ಟಿತು.