ಕಿಟಕಿ ಕಟ್ಟೆಯ ಕಲ್ಲು

ಐರ್ಲೆಂಡಿನಿಂದ ಆ ಕಲ್ಲು ತರಲು ಶಶಿಧರನಿಗೆ ಒಂದು ಸೆಂಟೂ ಖರ್ಚಾಗಿರಲಿಲ್ಲ. ವಾಪಸು ಕಳಿಸಲು ಹೊರಟಾಗ ಎಪ್ಪತ್ತೆಂಟು ಡಾಲರ್ ಬಿತ್ತು.

ಬೇಸಿಗೆ ರಜೆಯಲ್ಲಿ ಅಲ್ಲಿನ ಕುರಿ ಮೇಯುವ ಬಯಲೊಂದರಲ್ಲಿ, ಯಾವ ಕಾಲದವರೋ ಸಾಲಾಗಿ ನೆಟ್ಟುಹೋದ ಆರು ಕಲ್ಲುಗಳನ್ನು ಅವನು ನೋಡಿದ್ದ. ಮಂಜಿನಲ್ಲಿ ಅವು ಬಸ್ಸಿಗೆ ಕಾದು ಕಾದು, ಹೋಗಬೇಕಾದ ಊರನ್ನೇ ಮರೆತವರಂತೆ ನಿಂತಿದ್ದವು. ಕೊನೆಯ ಕಲ್ಲಿನ ಬುಡದಲ್ಲಿ ಸಣ್ಣ ತೆಂಗಿನಕಾಯಿ ಗಾತ್ರದ ನುಣುಪು ಕಲ್ಲೊಂದು ಸಿಕ್ಕಿತು. ಬ್ಯಾಗಿಗಿಳಿಸಿದ. ಅಮೆರಿಕದ ಲಿವೋನಿಯಾದಲ್ಲಿನ ತನ್ನ ಮನೆಗೆ ತಂದು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲಿಟ್ಟ.

ಅಂದಿನಿಂದ ಅವನ ಶನಿವಾರದ ಮಧ್ಯಾಹ್ನದ ನಿದ್ದೆ ಹಾಳಾಯಿತು. ವಾರವಿಡೀ ಆಫೀಸಿನಲ್ಲಿ ಅವನು ಕಾಯುತ್ತಿದ್ದುದೇ ಆ ನಿದ್ದೆಗೆ. ಈಗ ಕಣ್ಣು ಮುಚ್ಚಿದರೆ ಸಾಕು, ಹಿತ್ತಲ ಹುಲ್ಲಿನ ಮೇಲೆ ಮಂಜು ಇಳಿಯುತ್ತಿತ್ತು. ಆರೂ ಕಲ್ಲುಗಳು ಸದ್ದಿಲ್ಲದೆ ಬೇಲಿ ದಾಟಿ ಬಂದು ಸೋಫಾದ ಪಕ್ಕ ಸಾಲುಗಟ್ಟುತ್ತಿದ್ದವು. ಅವು ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ಊಟಕ್ಕೆ ಕರೆದು ಎಲೆ ಹಾಕಲು ಮರೆತ ಮನೆಯಲ್ಲಿ ನೆಂಟರು ನಿಲ್ಲುವಂತೆ ನಿಲ್ಲುತ್ತಿದ್ದವು, ಅಷ್ಟೆ.

ಈ ಶನಿವಾರ ಬೆಳಿಗ್ಗೆ ಕರಿಬೇವು ಕಿತ್ತುಕೊಳ್ಳಲು ಬಂದ ಪಕ್ಕದ ಮನೆಯ ನೀಲಗಂಗಾ ಆಂಟಿಯ ಮುಂದೆ ಬಾಯಿಬಿಟ್ಟ.

"ಅಲ್ರೀ ಶಶಿ, ಯಾರ ಸಮಾಧಿ ಕಲ್ಲೋ ಏನೋ, ಅಡಗಿಮನ್ಯಾಗ ಇಟ್ಕೊಂಡು ನಿದ್ದಿ ಬರವಲ್ದು ಅಂತೀರಲ್ಲ," ಎಂದರು ಆಂಟಿ. "ಇವತ್ತ ವಾಪಸ್ ಕಳಸ್ರಿ."

"ಯಾರಿಗಂತ ಕಳಿಸ್ಲಿ ಆಂಟಿ? ಬಯಲಿಗೆ ಅಡ್ರೆಸ್ ಇರುತ್ತಾ?"

"ಅಲ್ಲೆ ಎಲ್ಲೋ ಚಾ ಕುಡದಿರ್ತೀರಲ್ಲ, ಆ ಅಂಗಡಿಗೆ ಕಳಸ್ರಿ. ಅವ್ರು ಇಟ್ಟು ಬರ್ತಾರ."

ಹೆಂಡತಿ ಲತಾಶ್ರೀ ಮಗಳನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಶಶಿಧರ ಕಿಟಕಿ ಕಟ್ಟೆಯಿಂದ ಕಲ್ಲನ್ನು ಎತ್ತಿ ತಂದ. ಆಂಟಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹಳೆಯ ಟವೆಲಿನಲ್ಲಿ ಸುತ್ತಿ, "ಹೋಗಿ ಬಾರವ್ವಾ" ಎಂದು ಗಂಡನ ಮನೆಗೆ ಮಗಳನ್ನು ಕಳಿಸುವಂತೆ ಬೀಳ್ಕೊಟ್ಟರು.

ಅಂಚೆ ಕಚೇರಿಯ ಹೆಂಗಸು ಒಳಗೇನಿದೆ ಎಂದು ಕೇಳಿದಳು. ಕಲ್ಲು ಎಂದ. ಬೆಲೆ ಎಷ್ಟು ಎಂದಳು. ಏನಿಲ್ಲ ಎಂದ. ಆಕೆ ಪೆಟ್ಟಿಗೆಯನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿ ಚೀಟಿ ಅಂಟಿಸಿದಳು.

ಊಟ ಮುಗಿಸಿ ಹಗುರಾಗಿ ಮಲಗಿದ. ಮತ್ತೆ ಮಂಜು. ಮತ್ತೆ ಆರು ಕಲ್ಲು.

"ಪಾರ್ಸೆಲ್ ಹೊರಟಾಯ್ತಲ್ರಪ್ಪಾ," ಎಂದ ಶಶಿಧರ.

ಕಲ್ಲುಗಳು ಮೆಲ್ಲನೆ ಪಕ್ಕಕ್ಕೆ ಸರಿದವು. ಅವುಗಳ ಹಿಂದೆ ಏಳನೆಯವಳಾಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಕುಳ್ಳ ಅಜ್ಜಿಯೊಬ್ಬಳು ಅವನನ್ನೇ ದಿಟ್ಟಿಸುತ್ತಿದ್ದಳು. ಎಲ್ಲೋ ಫೋಟೋದಲ್ಲಿ ಕಂಡ ಮುಖ.

ಬೆಚ್ಚಿ ಎದ್ದ. ಅಡುಗೆಮನೆಯಿಂದ ಲತಾಶ್ರೀಯ ದನಿ ಬಂತು.

"ರೀ, ನಮ್ಮಜ್ಜಿ ಕಲ್ಲು ನೋಡಿದ್ರಾ? ಉಪ್ಪಿನಕಾಯಿ ಭರಣಿಯೊಳಗೆ ಭಾರಕ್ಕೆ ಇಡೋದು, ನಿಮ್ಮ ಕಲ್ಲಿನ ಥರಾನೇ ಇರುತ್ತಲ್ಲ. ಬೆಳಿಗ್ಗೆ ತೊಳೆದು ಕಿಟಕಿ ಹತ್ರ ಒಣಗೋಕೆ ಇಟ್ಟಿದ್ದೆ."

"ಅಲ್ಲಿದ್ದ... ನನ್ನ ಕಲ್ಲು?"

"ಅದಾ? ಕರಿಬೇವಿನ ಗಿಡ ವಾಲ್ತಿತ್ತು. ಪಾಟ್ ಒಳಗೆ ಬುಡಕ್ಕೆ ಆನಿಸಿದೀನಿ."

ಐರ್ಲೆಂಡಿನ ಕಲ್ಲು ಮನೆಯಲ್ಲೇ ಉಳಿಯಿತು. ಅಜ್ಜಿಯ ಕಲ್ಲು, ಎಪ್ಪತ್ತೆಂಟು ಡಾಲರ್ ಮತ್ತು ಮಧ್ಯಾಹ್ನದ ನಿದ್ದೆ ಹೋದವು.