ಕೊನೆಯ ಮರಿಯ ಹೊಟ್ಟೆ

ಮನೆಯಲ್ಲಿ ಸಾವಾದ ಮೇಲೆ ನಗು ಬರುವಂಥದ್ದು ನಡೆಯುವುದು ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ, ಜೊತೆಗೆ ನಗುವವರಿಲ್ಲ, ಅಷ್ಟೆ. ಬೊಮ್ಮಸಂದ್ರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಜೋಡಿ ಮೊಲ ತಂದವರು ನನ್ನ ಗಂಡ. ಅವರು ತೀರಿಕೊಂಡ ಮೇಲೆ ಹೆಣ್ಣು ಮೊಲ ಮರಿ ಹಾಕಿತು. ಹಾಲು ಬಿಟ್ಟು ಹುಲ್ಲಿಗೆ ಬಾಯಿ ಹಾಕುವ ಹೊತ್ತಿಗೆ ಮರಿಗಳಿಗೆ ಭೇದಿ ಹಿಡಿಯಿತು. ಒಂದೊಂದಾಗಿ ಹೋದವು. ಒಂದು ಉಳಿಯಿತು.

೧. ಫಿನಿಶ್

ಕೆಳಗಿನ ಮನೆಯವರು ಔಷಧಿ ಕಾರ್ಖಾನೆಯಲ್ಲಿದ್ದಾರೆ. ಮರುಗಿ, ಒಂದು ಪಟ್ಟಿ ಆಂಟಿಬಯಾಟಿಕ್ ಕ್ಯಾಪ್ಸೂಲು ತಂದುಕೊಟ್ಟರು. "ಒಂದು ಹಾಕಿ ಮೇಡಂ, ಬ್ಯಾಕ್ಟೀರಿಯಾ ಎಲ್ಲಾ ಫಿನಿಶ್."

ಪಶುವೈದ್ಯರಿಗೆ ಫೋನ್ ಮಾಡಿ ಕೇಳಿದೆ.

"ಖಂಡಿತ," ಎಂದರು. "ಒಳ್ಳೇ ಬ್ಯಾಕ್ಟೀರಿಯಾನೂ ಫಿನಿಶ್, ಮೊಲಾನೂ ಫಿನಿಶ್."

೨. ಔಷಧಿ ಅಂಗಡಿ

ಡಾಕ್ಟರು ಹೇಳಿದ್ದು ಪ್ರೋಬಯಾಟಿಕ್ ಪುಡಿ. ಒಳ್ಳೆಯ ಬ್ಯಾಕ್ಟೀರಿಯಾವನ್ನು ಹೊಟ್ಟೆಗೆ ಮತ್ತೆ ತುಂಬಬೇಕಂತೆ. ಅಂಗಡಿಯಲ್ಲಿ ಕೇಳಿದೆ.

"ವಯಸ್ಸೆಷ್ಟು ಮೇಡಂ?"

"ಒಂದೂವರೆ ತಿಂಗಳು."

"ಅಯ್ಯೋ ಪಾಪ! ತಾಯಿ ಹಾಲು ಕುಡೀತಿದ್ಯಾ?"

"ಹತ್ತಿರ ಹೋದ್ರೆ ತಾಯಿ ಒದೀತಾಳೆ."

"ಒದೀತಾಳಾ? ಅಪ್ಪ ನೋಡ್ಕೊಂಡು ಸುಮ್ನಿರ್ತಾನಾ?"

"ಅವನನ್ನ ಬೇರೆ ಗೂಡಲ್ಲಿ ಕೂಡಿಹಾಕಿದ್ದೀನಿ. ಬಿಟ್ರೆ ಕಚ್ತಾನೆ."

ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುವುದು ನನ್ನ ಮೇಷ್ಟರಿಕೆಯ ಅಭ್ಯಾಸ. ಆತ ಪುಡಿ ಕೊಟ್ಟ. ಪೊಟ್ಟಣದ ಮೇಲೆ ಮಕ್ಕಳ ಸಹಾಯವಾಣಿಯ ನಂಬರನ್ನೂ ಬರೆದುಕೊಟ್ಟ.

೩. ಮಣಿ

ದಾವಣಗೆರೆಯಿಂದ ಗಂಡನ ಅಕ್ಕ ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದರು. "ನಮ್ ತಮ್ಮನ ರುದ್ರಾಕ್ಷಿ ಸರ ಎಲ್ಲೈತವ್ವಾ?"

ಆಸ್ಪತ್ರೆಯಲ್ಲಿ ಹರಿದು ಚೆಲ್ಲಿತು, ಮಣಿಗಳು ಸಿಗಲಿಲ್ಲ ಎಂದೆ. ಅವರು ಅತ್ತರು. ನನಗೆ ಅಳು ಬರಲಿಲ್ಲ. ಗಂಡನನ್ನು ಮಣ್ಣಿಗಿಡುವಾಗಲೂ ಬಂದಿರಲಿಲ್ಲ. ಮರಿಗೆ ಪುಡಿ ಕುಡಿಸುವ ಹೊತ್ತಾಗಿತ್ತು, ಬಾಲ್ಕನಿಗೆ ಹೋದೆ.

ಗೂಡಿನಲ್ಲಿ ಒಂದೇ ಒಂದು ಹಿಕ್ಕೆ. ಗಟ್ಟಿಯಾಗಿ, ದುಂಡಗೆ, ಒಣಗಿತ್ತು. ಹೊಟ್ಟೆ ಸರಿಹೋಗುತ್ತಿದ್ದರೆ ಮೊದಲು ಕಾಣುವ ಗುರುತು ಅದೇ ಎಂದು ಡಾಕ್ಟರು ಹೇಳಿದ್ದರು. ಅದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದಂತೆ ಅಳು ನುಗ್ಗಿ ಬಂತು.

ಅತ್ತಿಗೆ ಓಡಿ ಬಂದು ತಬ್ಬಿಕೊಂಡರು. "ಅತ್ತುಬಿಡವ್ವಾ, ಎದೆ ಹಗುರಾಗ್ತತಿ." ಆಮೇಲೆ ನನ್ನ ಅಂಗೈ ಕಂಡಿತು. "ಸಿಕ್ತಾ!" ಎಂದವರೇ, ಕನ್ನಡಕವಿಲ್ಲದ ಎರಡೂ ಕಣ್ಣಿಗೆ ಅದನ್ನು ಒತ್ತಿಕೊಂಡು, ಮತ್ತೆ ನನ್ನ ಕೈಯಲ್ಲಿಟ್ಟು, ಬೆರಳು ಮಡಚಿದರು.

"ಜ್ವಾಪಾನ. ಇಂಥದ್ದು ಇನ್ನೊಂದು ಸಿಗಂಗಿಲ್ಲ."

"ಹಾಗನ್ನಬೇಡಿ ಅತ್ತಿಗೆ," ಎಂದೆ ಬಿಕ್ಕುತ್ತಾ. "ನಾಳೆ ಬೆಳಿಗ್ಗೆ ಇನ್ನೊಂದು ಸಿಗಲೇಬೇಕು."