ಆಲೆಮನೆ ಪಾಕದ ಕಜ್ಜಾಯ

ಬೆಲ್ಲದ ಪಾಕದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನಂಜನಗೂಡು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ನಂಬಿದ್ದಷ್ಟೇ ಅಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಕಪಿಲೆಯ ದಂಡೆಯ ನಮ್ಮ ಊರಿನಲ್ಲಿ ಕಬ್ಬು ಕಡಿದು ಆಲೆಮನೆ ಹೂಡಿದರೆ, ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ‘ಇಳಿಸಿ’ ಎನ್ನುವ ಹಕ್ಕು ನನ್ನದು. ನಾನು ಬಾಯಿ ಬಿಡುವ ತನಕ ನಾಲ್ಕು ಆಳುಗಳು ಕೊಪ್ಪರಿಗೆಯ ಸುತ್ತ ಕೈಕಟ್ಟಿ ಕಾಯುತ್ತಿದ್ದರು. ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಡುವುದು, ಗಟ್ಟಿಯಾದ ಮೇಲೆ ಎತ್ತಿ ತಟ್ಟೆಗೆ ಬಡಿಯುವುದು. ಟಣ್ ಎಂದರೆ ಪಾಕ ಬಂತು. ಅಚ್ಚಿಗೆ ಹೊಯ್ದ ಬೆಲ್ಲ ಮರುವರ್ಷದ ಮಳೆಗಾಲಕ್ಕೂ ಜಗ್ಗಬಾರದು. ನನ್ನ ಬೆಲ್ಲ ಎಂದೂ ಜಗ್ಗಿದ್ದಿಲ್ಲ. ಇಷ್ಟು ವಿದ್ಯೆ ಕಲಿತವನಿಗೆ ಕಜ್ಜಾಯ ಯಾವ ದೊಡ್ಡ ಕೆಲಸ?

ಕಜ್ಜಾಯದ ಮಾತು ಎತ್ತಿದವಳು ನನ್ನ ತಂಗಿ ನಂಜಿ. ಅವಳನ್ನು ನರಸೀಪುರದ ಹತ್ತಿರದ ಸೋಸಲೆಗೆ ಕೊಟ್ಟಿದ್ದೆವು. ನಮ್ಮ ಕಡೆ ದೀಪಾವಳಿಗೆ ತವರಿಗೆ ಬಂದ ಹೆಣ್ಣುಮಗಳು ಕಜ್ಜಾಯದ ಮಂಕರಿ ಇಲ್ಲದೆ ಗಂಡನ ಮನೆಗೆ ಹೋಗುವಂತಿಲ್ಲ. ಹೋದ ಮೇಲೆ ಅವಳ ಅತ್ತೆ ಅದನ್ನು ಕೇರಿಗೆಲ್ಲ ಹಂಚುತ್ತಾಳೆ. ಕೇರಿಯವರು ಕಜ್ಜಾಯವನ್ನು ಎರಡು ಬೆರಳಲ್ಲಿ ಮುರಿದು ನೋಡಿ, ಹುಡುಗಿಯ ತವರು ಎಂಥದೆಂದು ತೀರ್ಪು ಕೊಡುತ್ತಾರೆ. ಎರಡು ವರ್ಷದಿಂದ ನಂಜಿಯ ಮಂಕರಿ ಹೋಗಿರಲಿಲ್ಲ. ಮೊದಲ ವರ್ಷ ಅವ್ವ ಹಾಸಿಗೆ ಹಿಡಿದಿದ್ದಳು. ಮರುವರ್ಷ ಅವ್ವನೇ ಇರಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವುದಿಲ್ಲ. ಈ ಸಲ ಗೌರಿ ಹಬ್ಬಕ್ಕೆ ಬಂದವಳು ಹೊರಡುವಾಗ ಗಾಡಿಯ ಹತ್ತಿರ ನಿಂತು ಮೆಲ್ಲಗೆ ಹೇಳಿದಳು.

“ಅಣ್ಣಯ್ಯ, ದೀಪಾವಳಿಗಾದ್ರೂ ಕಜ್ಜಾಯ ಮಾಡ್ಸಿ ಕಳ್ಸು. ಅವ್ವ ಓದ್ಮೇಲೆ ಇವಳ ತವರೂ ಓಯ್ತು ಅಂತ ನಮ್ಮ ವಾರಗಿತ್ತಿ ಆಡ್ಕತಾಳೆ.”

ಆ ಮಾತು ನನಗೆ ತುಂಬ ನೋವು ಕೊಟ್ಟಿತು. ಮಂಕರಿ ಬಿರಿಯುವಷ್ಟು ಕಳಿಸುತ್ತೇನೆ, ನಿನ್ನ ವಾರಗಿತ್ತಿ ಬಾಯಿ ಮುಚ್ಚಿಕೊಳ್ಳಬೇಕು ಎಂದು ಮಾತು ಕೊಟ್ಟೆ.

ಅವ್ವನ ಕಜ್ಜಾಯವೆಂದರೆ ಅಂಚು ಗರಿಗರಿ, ನಡು ಮೆತ್ತಗೆ. ಅವಳು ಪಾಕಕ್ಕೆ ಕೂತಾಗ ನಾನೂ ನಂಜಿಯೂ ಅಡುಗೆಮನೆಯ ಹೊಸ್ತಿಲ ಮೇಲೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಮಾತಾಡಿದರೆ ಪಾಕ ಕೆಡುತ್ತದೆ ಎಂದು ಹೆದರಿಸಿದ್ದಳು. ಎಣ್ಣೆಯಿಂದ ತೆಗೆದದ್ದನ್ನು ಎರಡು ಮರದ ಹಲಗೆಗಳ ನಡುವೆ ಒತ್ತಿ ಎಣ್ಣೆ ಇಳಿಸುತ್ತಿದ್ದಳು. ಒತ್ತುವಾಗ ಮುರಿದದ್ದು ನಮಗೆ. ಒಂದೂ ಮುರಿಯದ ದಿನ, ನಮ್ಮ ಮುಖ ನೋಡಿ, ಒಂದನ್ನು ಬೇಕೆಂದೇ ಕೊಂಚ ಜೋರಾಗಿ ಒತ್ತುತ್ತಿದ್ದಳು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ನನ್ನ ಹೆಂಡತಿ ಕೆಂಪಮ್ಮ ಅಕ್ಕಿ ನೆನೆ ಹಾಕಿದಳು. ಮೂರು ದಿನ ನೀರು ಬದಲಿಸಿ, ನೆರಳಲ್ಲಿ ಆರ ಹಾಕಿ, ಕುಟ್ಟಿ, ಜರಡಿ ಹಿಡಿದು ಮಂಜಿನಂಥ ಹಿಟ್ಟು ಮಾಡಿದಳು. ಇನ್ನು ಪಾಕ ಹಿಡಿಯುವುದೊಂದೇ ಬಾಕಿ ಎನ್ನುವಾಗ ಬೆಳಿಗ್ಗೆ ಬಂದು ಬಾಗಿಲಾಚೆ ನಿಂತು, ತಾನು ಹೊರಗಾದೆ ಎಂದಳು. ಹೆಂಗಸರು ತಿಂಗಳಿಗೆ ಮೂರು ದಿನ ಮನೆಯೊಳಗೆ ಕಾಲಿಡದೆ ಜಗಲಿಯ ಮೇಲೆ ಇರಬೇಕಾಗಿದ್ದ ಕಾಲ ಅದು. ಅದರಲ್ಲೂ ಕಜ್ಜಾಯ ಮಹಾ ಮಡಿವಂತ ತಿಂಡಿ; ಹೊರಗಾದವಳ ಕಣ್ಣು ಬಿದ್ದರೂ ಎಣ್ಣೆಯಲ್ಲಿ ಒಡೆದು ಹೋಗುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಹಸಿ ಹಿಟ್ಟು ಮೂರು ದಿನ ಕಾಯುವುದಿಲ್ಲ. ನಂಜಿ ಅದೇ ಸಂಜೆ ಬರುವವಳು.

ಪಕ್ಕದ ಮನೆಯ ತಾಯಮ್ಮ, ನಾವೆಲ್ಲ ಚಿಕ್ಕವ್ವ ಎಂದು ಕರೆಯುವ ಮುದುಕಿ, ಗೋಡೆಯ ಮೇಲಿಂದ ತಲೆ ಹಾಕಿದಳು. “ನಾನೂ ಪಾಕ ಇಡ್ತಾ ಇವ್ನಿ ಕಣ್ಮಗ. ನಿನ್ನ ಇಟ್ಟೂ ಕೊಡು, ಒಟ್ಗೇ ಮಾಡ್ಬುಡ್ತೀನಿ.”

ಆಗ ನಾನು ಆಡಿದ ಮಾತು ಇಂದಿಗೂ ನನಗೆ ಬಾಯಿಪಾಠವಿದೆ. ದಿನಕ್ಕೆ ಎಂಟು ಕೊಪ್ಪರಿಗೆ ಪಾಕ ಇಳಿಸುವವನ ಮನೆಯ ಹಿಟ್ಟು ಪಕ್ಕದ ಮನೆಯ ಒಲೆಗೆ ಹೋದರೆ ಆಲೆಮನೆಯಲ್ಲಿ ನಾನು ತಲೆ ಎತ್ತುವುದು ಹೇಗೆ ಎಂದು ಕೇಳಿದೆ. ಚಿಕ್ಕವ್ವ ನನ್ನನ್ನು ಒಂದು ಗಳಿಗೆ ನೋಡಿ, ತಲೆಯನ್ನು ಗೋಡೆಯಾಚೆ ಇಳಿಸಿಕೊಂಡಳು.

ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ಇಳಿದೆ. ಕೆಂಪಮ್ಮ ಜಗಲಿಯ ಮೇಲೆ, ಪಾಕಕ್ಕೆ ಕಣ್ಣು ತಾಗದಂತೆ, ಬಾಗಿಲಿಗೆ ಬೆನ್ನು ಮಾಡಿ ಕೂತಳು. ಬೀದಿ ನೋಡುತ್ತಾ ಅಡುಗೆಮನೆಯನ್ನು ಆಳುವುದು ಸುಲಭವಲ್ಲ. ಅವಳಿಗೆ ಮೂಗೂ ಕಿವಿಯೂ ಇದ್ದವು, ಅಷ್ಟು ಸಾಕಾಯಿತು. ತಪ್ಪಲೆಯಲ್ಲಿ ಬೆಲ್ಲ ಕರಗಿ ನೊರೆ ಎದ್ದು ಕುದಿಯತೊಡಗಿದ ಸ್ವಲ್ಪ ಹೊತ್ತಿಗೆಲ್ಲ ಅವಳ ದನಿ ಬಂತು.

“ವಾಸ್ನೆ ಬಂತು. ನೀರ್ಗೆ ಒಂದು ತೊಟ್ಟು ಬುಟ್ಟು ನೋಡಿ. ಬೆರಳಲ್ಲಿ ಮೆತ್ತಗೆ ಉಂಡೆ ಆದ್ರೆ ಇಳ್ಸ್‌ಬುಡಿ.”

ಬಿಟ್ಟು ನೋಡಿದೆ. ಮೆತ್ತಗೆ ಉಂಡೆಯಾಯಿತು. ಮೆತ್ತಗೆ! ಆಲೆಮನೆಯಲ್ಲಿ ಇಂಥ ಪಾಕವನ್ನು ಇಳಿಸಿದ್ದರೆ ನನ್ನನ್ನು ಕಬ್ಬಿನ ಜಲ್ಲೆಯಲ್ಲೇ ಹೊಡೆಯುತ್ತಿದ್ದರು. ಹೆಂಗಸರಿಗೆ ಅವಸರ ಜಾಸ್ತಿ ಎಂದುಕೊಂಡು ಇನ್ನೆರಡು ಸೌದೆ ತುರುಕಿದೆ. ಇಳಿಸಿದಿರಾ ಎಂದು ಕೇಳಿದಳು. ಇನ್ನೂ ಬಂದಿಲ್ಲ ಎಂದೆ. ಸೀದ ವಾಸನೆ ಎಂದಳು. ಹೊರಗೆ ಕೂತವಳಿಗೆ ಒಳಗಿನದು ಏನು ಗೊತ್ತು ಎಂದೆ. ಬಹಳ ಹೊತ್ತಾದ ಮೇಲೆ ನೀರಿನಿಂದ ಎತ್ತಿದ ಹನಿಯನ್ನು ತಟ್ಟೆಗೆ ಬಡಿದೆ. ಟಣ್ ಎಂದಿತು. ಅಷ್ಟು ಚೊಕ್ಕವಾದ ಸದ್ದು ನಮ್ಮ ಆಲೆಮನೆಯಲ್ಲೂ ಕೇಳಿರಲಿಲ್ಲ. ವಿಜಯೋತ್ಸಾಹದಿಂದ ತಪ್ಪಲೆ ಇಳಿಸಿ, ಹಿಟ್ಟು ಸುರಿದು, ಮುದ್ದೆ ಕೋಲಿನಿಂದ ತಿರುವಿದೆ. ಮೂರು ಸುತ್ತು ತಿರುಗಿತು. ನಾಲ್ಕನೆಯ ಸುತ್ತಿಗೆ ಕೋಲು ನಿಂತಿತು.

“ಇಟ್ಟು ಎಂಗಾಯ್ತು?” ಎಂದಳು ಕೆಂಪಮ್ಮ.

“ಚೆನ್ನಾಗಿ ಗಟ್ಟಿಯಾಗದೆ.”

“ಎಷ್ಟು ಗಟ್ಟಿ?”

ಕೋಲು ಎತ್ತಿ ನೋಡಿದೆ. ಜೊತೆಗೆ ತಪ್ಪಲೆಯೂ ಎದ್ದು ಬಂತು.

ಈ ಸಂಗತಿಯನ್ನು ಆದಷ್ಟು ಗೌರವಯುತವಾದ ಮಾತುಗಳಲ್ಲಿ ಹೆಂಡತಿಗೆ ಅರಿಕೆ ಮಾಡಿಕೊಂಡೆ. ಅವಳು ನಗಲಿಲ್ಲ, ಬೆನ್ನು ಮಾತ್ರ ಅಲುಗಿತು. ಒಂದು ಕಳಿತ ರಸಬಾಳೆ ಹಿಸುಕಿ, ಬಿಸಿ ತಾಗಿಸಿ ನಾದಿದರೆ ಸ್ವಲ್ಪ ಸಡಿಲವಾದೀತು ಎಂದಳು. ಬಾಳೆಹಣ್ಣಿಗೆ ನಂಜನಗೂಡಿನಲ್ಲಿ ಬರವೇ? ಪೂಜೆಗೆ ತಂದ ಚಿಪ್ಪು ಗೂಟದಲ್ಲಿ ತೂಗುತ್ತಿತ್ತು. ಒಂದು ಹಣ್ಣಿನಿಂದ ಸ್ವಲ್ಪ ಸಡಿಲವಾದರೆ ಹನ್ನೆರಡು ಹಣ್ಣಿನಿಂದ ಪೂರ್ತಿ ಸರಿಹೋಗಬೇಕು. ಇದು ಗಣಿತ. ಹನ್ನೆರಡನ್ನೂ ಹಿಸುಕಿ ಹಾಕಿ, ತಪ್ಪಲೆಯನ್ನು ಎರಡು ಕಾಲಿನ ನಡುವೆ ಅವುಚಿಕೊಂಡು ಮೈಮೇಲೆ ಬೆವರಿಳಿಯುವಂತೆ ನಾದಿದೆ. ಹಿಟ್ಟು ಸಡಿಲವಾಯಿತು. ಆಮೇಲೂ ಆಗುತ್ತಲೇ ಹೋಯಿತು.

ಮೊದಲ ಕಜ್ಜಾಯ ತಟ್ಟಿ ಬಾಣಲೆಗೆ ಬಿಟ್ಟೆ. ಎಣ್ಣೆ ಬುಸ್ ಎಂದು ನೊರೆಯೆದ್ದಿತು. ನೊರೆ ಇಳಿದ ಮೇಲೆ ನೋಡಿದರೆ ಕಜ್ಜಾಯ ಇಲ್ಲ! ತಳದಲ್ಲಿ ನಾಲ್ಕು ಚೂರು ಮಾತ್ರ ಈಜಾಡುತ್ತಿದ್ದವು. ಎರಡನೆಯದೂ ಹಾಗೆಯೇ ಮಾಯವಾಯಿತು. ಕೆಂಪಮ್ಮ ತಿರುಗಿ ನೋಡಿರಬೇಕೆಂದು ಅನುಮಾನಪಟ್ಟು ಇಣುಕಿದೆ. ಪಾಪ, ಅವಳು ಬೀದಿಯ ಎಮ್ಮೆಯನ್ನು ನೋಡುತ್ತಿದ್ದಳು. ಆ ಎಮ್ಮೆಯ ಮೇಲೂ ಒಂದು ಗಳಿಗೆ ಅನುಮಾನ ಬಂತು.

ಹಿಟ್ಟಿಗೆ ಹಿಟ್ಟು ಸೇರಿಸಬೇಕು ಎನ್ನುವುದು ನನಗೂ ತಿಳಿಯಿತು. ಅಕ್ಕಿ ಹಿಟ್ಟು ಮುಗಿದಿತ್ತು. ಗೋಡೆಯಾಚೆ ಚಿಕ್ಕವ್ವನನ್ನು ಕೇಳಿದರೆ ಮಾನ ಹೋಗುತ್ತದೆ. ಮಡಕೆಯಲ್ಲಿ ರಾಗಿ ಹಿಟ್ಟು ಕಣ್ಣಿಗೆ ಬಿತ್ತು. ಕಜ್ಜಾಯ ಹೇಗೂ ಕೆಂಪಗಿರುತ್ತದೆ, ಇನ್ನಷ್ಟು ಕೆಂಪಾದರೆ ಯಾರು ಕೇಳುತ್ತಾರೆ? ಸೇರು ಹಿಟ್ಟು ಸುರಿದೆ. ಈ ಸಲ ಒಡೆಯಲಿಲ್ಲ. ಒಡೆಯುವ ಮಾತೇ ಇಲ್ಲ. ಬಾಣಲೆಯಿಂದ ತೆಗೆದು ಹಲಗೆಯ ನಡುವೆ ಒತ್ತಿದರೆ ಒಂದು ತೊಟ್ಟು ಎಣ್ಣೆ ಇಳಿಯಲಿಲ್ಲ. ಜೀವ ಬಿಟ್ಟು ಒತ್ತಿದೆ. ಕಜ್ಜಾಯ ಜಾರಿ, ಹಲಗೆಯಿಂದ ಹಾರಿ, ಬಾಗಿಲು ದಾಟಿ, ಕೆಂಪಮ್ಮನ ಪಕ್ಕದಲ್ಲಿ ಜಗಲಿಯ ಕಲ್ಲಿಗೆ ಬಡಿದು ನಿಂತಿತು.

ಅವಳು ಅದನ್ನು ಎತ್ತಿ ಎರಡೂ ಬದಿ ತಿರುಗಿಸಿ ನೋಡಿದಳು. “ಇನ್ನು ನೋಡಿದ್ರೆ ಏನೂ ಆಗಾಕಿಲ್ಲ, ಬುಡಿ,” ಎಂದಳು.

ಅಷ್ಟರಲ್ಲಿ ಸೋಸಲೆಯ ಗಾಡಿ ಬಂತು. ನಂಜಿಯ ಗಂಡನಿಗೆ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಎಲೆಯ ಮೇಲೆ ಎರಡು ಕಜ್ಜಾಯ ಇಟ್ಟೆ. ಇಡುವಾಗ ಎಲೆ ಹರಿಯಿತು. ಭಾವ ಮೊದಲೇ ಮಾತು ಕಡಿಮೆಯವರು. ಒಂದನ್ನು ಕಚ್ಚಿದ ಮೇಲೆ ಇದ್ದ ಮಾತೂ ನಿಂತಿತು. ದವಡೆಯ ಈ ಕಡೆಯಿಂದ ಆ ಕಡೆಗೆ ಹೊರಳಿಸುತ್ತಾ, ಕಣ್ಣಲ್ಲೇ ಚೆನ್ನಾಗಿದೆ ಎಂದು ಸನ್ನೆ ಮಾಡಿದರು. ನಂಜಿ ಒಂದನ್ನು ಕೈಯಲ್ಲಿ ಹಿಡಿದು ನೋಡಿದಳು. ಮುರಿಯಲು ಹೋದಳು. ಮೊಣಕಾಲಿಗೆ ಒತ್ತಿ ಮುರಿಯಲು ಹೋದಳು. ಆಮೇಲೆ ನನ್ನ ಮುಖ ನೋಡಿ ನಗಲು ಶುರುಮಾಡಿದವಳು ಗೋಡೆಗೆ ಒರಗಿ, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಯುವ ತನಕ ನಕ್ಕಳು.

“ಅವ್ವ ಇದ್ದಿದ್ರೆ ಇದ್ರಲ್ಲೇ ನಿನ್ಗೆ ಒಡೀತಿದ್ಲು, ಅಣ್ಣಯ್ಯ,” ಎಂದಳು. ಕೊನೆಗೆ ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ನನಗಂತೂ ಅಳುವೇ ಬಂತು. ಖಾಲಿ ಮಂಕರಿ ಮೂಲೆಯಲ್ಲಿತ್ತು. ಮೂರನೆಯ ವರ್ಷವೂ ಈ ಹುಡುಗಿ ಬರಿಗೈಯಲ್ಲಿ ಅತ್ತೆಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕು. ಅವ್ವ ಹೋದ ಮೇಲೆ ತವರು ಹೋಯಿತು ಎಂಬ ಮಾತನ್ನು ನಾನೇ ನನ್ನ ಕೈಯಾರೆ ಸೀಯಿಸಿ ನಿಜ ಮಾಡಿದ್ದೆ. ನನ್ನ ಜಂಬ ನನ್ನನ್ನಷ್ಟೇ ಸುಟ್ಟಿದ್ದರೆ ಚಿಂತೆಯಿರಲಿಲ್ಲ. ತಪ್ಪಾಯಿತು ನಂಜಿ ಎಂದೆ.

ಆಗ ಗೋಡೆಯ ಬದಿಯಿಂದ ತಾಯಮ್ಮ ಚಿಕ್ಕವ್ವ ಒಂದು ಮಂಕರಿ ಹೊತ್ತು ಬಂದಳು. ಮೇಲೆ ಬಾಳೆಯೆಲೆ, ಎಲೆಯ ಕೆಳಗೆ ಕಜ್ಜಾಯ. ಅಂಚು ಗರಿಗರಿ, ನಡು ಮೆತ್ತಗೆ. ಐವತ್ತೊಂದು ಅವೆ, ಎಣಿಸಿಕೋ ಮಗಳೇ ಎಂದಳು. ಇದು ಯಾವಾಗ ಆಯಿತು, ಯಾರು ಹೇಳಿದ್ದು ಎಂದು ಕೇಳಿದೆ. ಚಿಕ್ಕವ್ವ ಜಗಲಿಯ ಕಡೆಗೆ ಕಣ್ಣು ಹಾಯಿಸಿದಳು.

ಕೆಂಪಮ್ಮ ಬೀದಿಯನ್ನೇ ನೋಡುತ್ತಾ ಹೇಳಿದಳು. “ಇಳ್ಸಿ ಅಂದಾಗ ಇನ್ನೆರಡು ಸೌದೆ ತುರ್ಕುದ್ರಲ್ಲ, ಆಗ್ಲೇ ಚಿಕ್ಕವ್ವಂಗೆ ಕೂಗಿ ಏಳ್ದೆ.”

ಅಂದರೆ ಹನ್ನೆರಡು ಬಾಳೆಹಣ್ಣಿನ ಗಣಿತ, ಸೇರು ರಾಗಿ ಹಿಟ್ಟು, ಎಮ್ಮೆಯ ಮೇಲಿನ ಅನುಮಾನ, ಎಲ್ಲವೂ ದಂಡ. ಕಜ್ಜಾಯ ಪಕ್ಕದ ಮನೆಯಲ್ಲಿ ಆಗಲೇ ಬೇಯುತ್ತಿತ್ತು. ನನ್ನ ಮೇಲೆ ನನ್ನ ಹೆಂಡತಿಗೆ ಇದ್ದ ನಂಬಿಕೆ ಅಷ್ಟು ಗಟ್ಟಿ!

ಮೂರು ದಿನವಿದ್ದು ನಂಜಿ ಗಾಡಿ ಹತ್ತಿದಳು. ಹತ್ತುವ ಮುಂಚೆ, ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ದಪ್ಪನಾದ ಒಂದನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಬೇಡವೆಂದರೆ ಕೇಳಲಿಲ್ಲ. ಕೇರಿಗೆ ಹಂಚುವುದು ಚಿಕ್ಕವ್ವನದು, ನನಗೆ ನನ್ನ ಅಣ್ಣ ಮಾಡಿದ್ದು ಎಂದಳು.

ಸಂಕ್ರಾಂತಿ ಕಳೆದ ಮೇಲೆ ಹೊಸ ಬೆಲ್ಲ ಕೊಡಲು ಸೋಸಲೆಗೆ ಹೋದೆ. ನಂಜಿಯ ಅತ್ತೆ ಮಣೆ ಹಾಕಿ ಕೂರಿಸಿದರು. ನಿಮ್ಮ ಮನೆಯ ಕಜ್ಜಾಯವನ್ನು ಕೇರಿಯೆಲ್ಲ ಹೊಗಳಿತು, ದೊಡ್ಡ ಸೊಸೆಯೇ ನಾಲ್ಕು ತಿಂದಳು ಎಂದರು. ನಂಜಿ ಕಂಬದ ಪಕ್ಕ ನಿಂತು ಬೆಳಗುತ್ತಿದ್ದಳು. ನೋಡಿ ನನಗೆ ಹೊಟ್ಟೆ ತುಂಬಿತು. ಹೊಟ್ಟೆ ತುಂಬಿದ ಮೇಲೆ ಸುಮ್ಮನೆ ಏಳುವುದು ಬುದ್ಧಿವಂತರ ಲಕ್ಷಣ. ನಾನು ಮೀಸೆಯ ಮೇಲೆ ಕೈಯಾಡಿಸಿ, ಎಲ್ಲ ಪಾಕದ ಮಹಿಮೆ, ಪಾಕ ತಿಳಿದವನು ಪಕ್ಕದಲ್ಲಿರಬೇಕು ಎಂದೆ.

“ಅದ್ಕೇ ಪಕ್ಕದ ಮನೆ ತಾಯಮ್ಮನೋರು ಇದ್ರಲ್ಲ,” ಎಂದರು ಆ ಮಹಾತಾಯಿ, ನಗದೆ. “ನಿಮ್ ತಂಗಿ ಬಂದಿದ್ ದಿನ್ವೇ ಎಲ್ಲಾ ಏಳುದ್ಲು. ನೀವು ಮಾಡಿದ್ದೂ ನಮ್ಮನೇಲದೆ. ಯಾರೂ ಮುಟ್ಬ್ಯಾಡಿ, ಅಣ್ಣಯ್ಯಂದು ಅಂತ ಗೂಡಲ್ಲಿ ಮಡ್ಗಿದ್ಲು. ಇಲಿ ಬಂದು ನೋಡ್ಕಂಡು ಓದ್ವು, ತಿನ್ನಿಲ್ಲ. ಆಮೇಕೆ ನಾನೇ ಅವಳ್ನ ಕೇಳಿ ಇಸ್ಕಂಡೆ.”

ಅವರು ಕೈ ತೋರಿಸಿದ ಕಡೆ ನೋಡಿದೆ. ಗಾಳಿಗೆ ಬಡಿದುಕೊಳ್ಳುವ ದೊಡ್ಡ ಕೊಟ್ಟಿಗೆ ಬಾಗಿಲು. ಅದರ ಬುಡದಲ್ಲಿ, ಅಡ್ಡ ಕೊಡುವ ಕಲ್ಲಿನ ಜಾಗದಲ್ಲಿ, ನನ್ನ ಕಜ್ಜಾಯ ಕೂತಿತ್ತು. ಎರಡು ತಿಂಗಳಿಂದ ಬಾಗಿಲು ಒಂದು ಸಲವೂ ಸದ್ದು ಮಾಡಿಲ್ಲವಂತೆ.

ಹೊರಡುವಾಗ, ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅದನ್ನು ಕಾಲಿನಿಂದ ಒದ್ದೆ. ಅದು ಅಲ್ಲಾಡಲಿಲ್ಲ. ಊರು ಸೇರುವಷ್ಟರಲ್ಲಿ ನನ್ನ ಹೆಬ್ಬೆರಳು ಊದಿಕೊಂಡಿತ್ತು.